ಪುಟ್ಟ ವಿಮಾನದ ಕಾಲು

ವಿಮಾನವು ಮೇಲೇರುವುದನ್ನು ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ಅದು ಇಳಿಯುವುದನ್ನು ಅಷ್ಟೇ ಗಮನವಿಟ್ಟು ನೋಡುವವರು ಕಡಮೆ. ಆದರೆ ವಿಮಾನವನ್ನು ಕಟ್ಟುವವನ ಚಿಂತೆಯ ಅರ್ಧಪಾಲು ಇಳಿಯುವುದರ ಮೇಲೆಯೇ ಇರುತ್ತದೆ. ಮೇಲೇರಲಾರದ ವಿಮಾನ ನೆಲದ ಮೇಲೆ ಕ್ಷೇಮವಾಗಿಯಾದರೂ ಇದ್ದೀತು. ಮೇಲೇರಿದುದು ಮಾತ್ರ ಕೆಳಕ್ಕೆ ಬಂದೇ ತೀರಬೇಕು. ಹಾಗೆ ಬಂದು ನೆಲವನ್ನು ಮುಟ್ಟುವ ಒಂದು ಕ್ಷಣದಲ್ಲಿ ಅದರ ಭಾರವೂ ವೇಗವೂ ಒಟ್ಟಾಗಿ ಎರಡು ಸಣ್ಣ ಕಾಲುಗಳ ಮೇಲೆ ಬೀಳುತ್ತವೆ. ನೂರಾರು ಜನರನ್ನು ಹೊತ್ತ ವಿಮಾನಕ್ಕೆ ಹೇಗೋ, ಹುಡುಗನೊಬ್ಬ ಮನೆಯ ಜಗಲಿಯಲ್ಲಿ ಕುಳಿತು ಕಟ್ಟಿದ ಮೊಳದುದ್ದದ ಮಾದರಿ ವಿಮಾನಕ್ಕೂ ಹಾಗೆಯೇ.

ಪ್ರೌಢಶಾಲೆಯಲ್ಲಿ ಓದುವ ಅಂತಹ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳೋಣ. ಅವನು ಎನ್.ಸಿ.ಸಿ.ಯ ವಾಯುದಳ ವಿಭಾಗಕ್ಕೆ ಸೇರಿದವನು. ಮಾದರಿ ವಿಮಾನಗಳನ್ನು ಕಟ್ಟಿ ಹಾರಿಸುವುದು ಆ ವಿಭಾಗದ ತರಬೇತಿಯಲ್ಲಿ ಒಂದು ಅಂಗ. ಅವನು ಆರಿಸಿಕೊಂಡುದು ಎಚ್.ಟಿ.-2 ಎಂಬ ವಿಮಾನದ ಮಾದರಿಯನ್ನು. ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಈ ತರಬೇತಿ ವಿಮಾನವು 1951ರಲ್ಲಿ ಮೊದಲ ಬಾರಿಗೆ ಹಾರಿತು. ರೆಕ್ಕೆಗಳು ಒಡಲಿನ ಕೆಳಭಾಗಕ್ಕೆ ಸೇರಿಕೊಂಡಿವೆ. ರೆಕ್ಕೆಗಳ ಅಡಿಯಲ್ಲಿ ಎರಡು ಕಾಲುಗಳು. ಬಾಲದ ಕೆಳಗೆ ಒಂದು ಪುಟ್ಟ ಗಾಲಿ. ನೋಡಲು ಸರಳವಾದ, ಅಂದವಾದ ಯಂತ್ರ. ಹುಡುಗನು ದಕ್ಷಿಣ ಅಮೆರಿಕದ ಬಾಲ್ಸಾ ಎಂಬ ಹಗುರವಾದ ಮರದ ಹಲಗೆಗಳನ್ನು ತರಿಸಿಕೊಂಡು, ಎಲುಬಿನಂತಹ ಚೌಕಟ್ಟನ್ನು ಅಂಟಿಸಿ, ಅದರ ಮೇಲೆ ಕಾಗದವನ್ನು ಬಿಗಿಯಾಗಿ ಹೊದಿಸಿ, ಸಣ್ಣದೊಂದು ಎಂಜಿನನ್ನು ಕೂರಿಸುವಷ್ಟರಲ್ಲಿ ಮೂರು ತಿಂಗಳು ಕಳೆದವು. ಎಲ್ಲ ಸೇರಿ ತೂಕ ಒಂದು ಕಿಲೋಗ್ರಾಂ ಆಯಿತು.

ಈ ಬಗೆಯ ಮಾದರಿಯನ್ನು ಹಾರಿಸುವವನು ಬಯಲಿನ ನಡುವೆ ನಿಂತಿರುತ್ತಾನೆ. ಅವನ ಕೈಯಲ್ಲಿರುವ ಹಿಡಿಯಿಂದ ಎರಡು ತೆಳ್ಳನೆಯ ಉಕ್ಕಿನ ತಂತಿಗಳು ವಿಮಾನಕ್ಕೆ ಹೋಗಿರುತ್ತವೆ. ವಿಮಾನವು ಅವನ ಸುತ್ತಲೂ ವೃತ್ತಾಕಾರವಾಗಿ ಹಾರುತ್ತದೆ. ಹಿಡಿಯನ್ನು ವಾಲಿಸಿದಂತೆ ಬಾಲದ ಪಟ್ಟಿ ಮೇಲೆ ಕೆಳಗೆ ಆಡಿ ವಿಮಾನವು ಏರುತ್ತದೆ, ಇಳಿಯುತ್ತದೆ. ಇಂಧನ ಮುಗಿದ ಕೂಡಲೇ ಎಂಜಿನು ನಿಲ್ಲುತ್ತದೆ. ಬಳಿಕ ಉಳಿಯುವುದು ತೇಲುತ್ತ ಇಳಿಯುವ ಕೆಲವು ಸೆಕೆಂಡುಗಳು ಮಾತ್ರ.

ಮೊದಲ ದಿನ ಆ ಕೆಲವು ಸೆಕೆಂಡುಗಳಲ್ಲಿ ಹುಡುಗನು ಹಿಡಿಯನ್ನು ವಾಲಿಸುವುದು ತುಸು ತಡವಾಯಿತು. ವಿಮಾನವು ಧೊಪ್ಪನೆ ನೆಲಕ್ಕೆ ತಾಗಿತು. ಬಲಗಾಲು ಬಾಗಿ, ರೆಕ್ಕೆಯ ಕಾಗದವನ್ನು ಹರಿದುಕೊಂಡು ಮೇಲಕ್ಕೆ ತೂರಿಬಂದಿತು. ಕಾಲು ದುರ್ಬಲವಾದುದೇ ಇದಕ್ಕೆ ಕಾರಣವೆಂದು ಹುಡುಗನು ತೀರ್ಮಾನಿಸಿದನು. ಯಾರಾದರೂ ಹಾಗೆಯೇ ತೀರ್ಮಾನಿಸುತ್ತಿದ್ದರು. ಅವನು ಹಿಂದಿನದಕ್ಕಿಂತ ದಪ್ಪನೆಯ ಉಕ್ಕಿನ ಸರಳಿನಿಂದ ಹೊಸ ಕಾಲುಗಳನ್ನು ಮಾಡಿ, ಅವುಗಳನ್ನು ತಗಡಿನ ಪಟ್ಟಿಗಳಿಂದ ಬಿಗಿದನು. ಮುಂದಿನ ಸಲವೂ ವಿಮಾನವು ಹಾಗೆಯೇ ಇಳಿಯಿತು. ಈ ಬಾರಿ ಕಾಲುಗಳಿಗೆ ಕೂದಲೆಳೆಯಷ್ಟೂ ಊನವಾಗಲಿಲ್ಲ; ರೆಕ್ಕೆಯು ಬುಡದಲ್ಲಿ ಮುರಿದು ಬಿದ್ದಿತು. ಕಾಲು ಗೆದ್ದು ವಿಮಾನ ಸೋತಿತ್ತು.

ಇದು ಏಕೆ ಹೀಗಾಯಿತು? ಹೆಂಚಿನ ಮನೆಗೆ ಮಾಡು ಹೊದಿಸುವವರನ್ನು ನೋಡಿದವರಿಗೆ ಉತ್ತರ ಹೊಳೆಯಬಹುದು. ಕೆಳಗೆ ನಿಂತವನು ಹೆಂಚನ್ನು ಮೇಲಕ್ಕೆ ಎಸೆಯುತ್ತಾನೆ. ಏಣಿಯ ಮೇಲಿನವನು ಅದನ್ನು ಹಿಡಿಯುತ್ತಾನೆ. ಹಿಡಿಯುವವನ ಕೈ ಎಂದೂ ಸೆಟೆದು ನಿಂತಿರುವುದಿಲ್ಲ. ಹೆಂಚು ಬರುವ ದಿಕ್ಕಿನಲ್ಲಿಯೇ ಅದರೊಡನೆ ಒಂದು ಗೇಣು ಹಿಂದಕ್ಕೆ ಹೋಗಿ ಅದನ್ನು ನಿಲ್ಲಿಸುತ್ತದೆ. ಸೆಟೆದ ಅಂಗೈಗೆ ಬಂದು ಬಡಿದ ಹೆಂಚು ಒಡೆಯುತ್ತದೆ, ಇಲ್ಲವೆ ಕೈಗೆ ಪೆಟ್ಟಾಗುತ್ತದೆ.

ಇದನ್ನೇ ಲೆಕ್ಕದಲ್ಲಿ ಹೇಳುವುದಾದರೆ, ಹುಡುಗನ ವಿಮಾನವು ನೆಲವನ್ನು ಮುಟ್ಟುವಾಗ ಸೆಕೆಂಡಿಗೆ 1 ಮೀಟರಿನಂತೆ ಕೆಳಕ್ಕೆ ಇಳಿಯುತ್ತಿತ್ತು ಎಂದಿಟ್ಟುಕೊಳ್ಳೋಣ. ಮುಂದಕ್ಕೆ ಓಡುವ ವೇಗ ಬೇರೆಯೇ ಇದೆ. ಅದನ್ನು ಗಾಲಿಗಳು ಉರುಳಿ ನೋಡಿಕೊಳ್ಳುತ್ತವೆ. ಸೆಕೆಂಡಿಗೆ 1 ಮೀಟರ್ ಎಂದರೆ ದೊಡ್ಡ ವೇಗವೇನೂ ಅಲ್ಲ. 5 ಸೆಂಟಿಮೀಟರ್ ಎತ್ತರದಿಂದ ಕೈಬಿಟ್ಟ ವಸ್ತು ನೆಲವನ್ನು ಮುಟ್ಟುವ ವೇಗ ಇಷ್ಟೇ. 1 ಕಿಲೋಗ್ರಾಂ ವಿಮಾನಕ್ಕೆ ಆಗ ಇರುವ ಚಲನಶಕ್ತಿ ಅರ್ಧ ಜೌಲ್. ದಪ್ಪ ಸರಳಿನ ಕಾಲು ಮಣಿಯುವುದು ಹೆಚ್ಚೆಂದರೆ 2 ಮಿಲಿಮೀಟರ್. ಅಷ್ಟು ದೂರದಲ್ಲಿ ಆ ಶಕ್ತಿಯನ್ನು ನಿಲ್ಲಿಸಬೇಕಾದರೆ ಸರಾಸರಿ 250 ನ್ಯೂಟನ್ ಬಲ ಬೇಕು, ಅಂದರೆ ಸುಮಾರು 25 ಕಿಲೋಗ್ರಾಂ ಭಾರ. ಕಾಗದ ಹೊದಿಸಿದ ರೆಕ್ಕೆಯ ಬುಡದ ಮೇಲೆ ಇಷ್ಟು ಭಾರ ಬಿದ್ದರೆ ಅದು ಮುರಿಯದೆ ಇನ್ನೇನು? ಕಾಲು 20 ಮಿಲಿಮೀಟರ್ ಮಣಿದಿದ್ದರೆ ಬೇಕಾಗುತ್ತಿದ್ದ ಸರಾಸರಿ ಬಲ ಎರಡೂವರೆ ಕಿಲೋಗ್ರಾಮಿನ ಭಾರದಷ್ಟು ಮಾತ್ರ. ದೂರ ಹತ್ತು ಪಟ್ಟಾದರೆ ಪೆಟ್ಟು ಹತ್ತರಲ್ಲಿ ಒಂದು ಪಾಲಾಗುತ್ತದೆ. ಕಾಲಿಗೆ ಬೇಕಾದುದು ಬರಿಯ ಬಲವಲ್ಲ, ಮಣಿದು ಮತ್ತೆ ಎದ್ದು ನಿಲ್ಲುವ ಗುಣ.

ದೊಡ್ಡ ವಿಮಾನಗಳನ್ನು ಕಟ್ಟಿದವರೂ ಇದನ್ನು ಮೆಲ್ಲಮೆಲ್ಲನೆ ಕಲಿತರು. 1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಹಾರಿಸಿದ ವಿಮಾನಕ್ಕೆ ಗಾಲಿಗಳೇ ಇರಲಿಲ್ಲ. ಅದು ಕಂಬಿಯ ಮೇಲೆ ಓಡಿ ಮೇಲೆದ್ದು, ಜಾರುವ ಮರದ ಪಟ್ಟಿಗಳ ಮೇಲೆ ಮರಳಿಗೆ ಇಳಿಯಿತು. ಮೊದಲನೆಯ ಮಹಾಯುದ್ಧದ ಕಾಲದ ಅನೇಕ ವಿಮಾನಗಳಲ್ಲಿ ಗಾಲಿಗಳ ಅಚ್ಚನ್ನು ಕಾಲಿಗೆ ರಬ್ಬರಿನ ಹುರಿಯಿಂದ ಸುತ್ತಿ ಸುತ್ತಿ ಕಟ್ಟುತ್ತಿದ್ದರು; ಇಳಿಯುವಾಗ ಹುರಿ ಹಿಗ್ಗಿ ಪೆಟ್ಟನ್ನು ನುಂಗುತ್ತಿತ್ತು. ಅಮೆರಿಕದ ಸ್ಟೀವ್ ವಿಟ್‌ಮನ್ ಎಂಬ ಪಂದ್ಯದ ವಿಮಾನಗಳ ನಿರ್ಮಾಪಕನು ಹದಗೊಳಿಸಿದ ಉಕ್ಕಿನ ಪಟ್ಟಿಯನ್ನೇ ಬಾಗಿಸಿ ಕಾಲನ್ನಾಗಿ ಮಾಡಿದನು. ಸೆಸ್ನಾ ಕಂಪನಿಯು ಆ ಉಪಾಯವನ್ನು ಕೊಂಡು 1946ರಿಂದ ತನ್ನ ಪುಟ್ಟ ವಿಮಾನಗಳಲ್ಲಿ ಬಳಸಿತು. ಇಂದಿನ ಭಾರಿ ವಿಮಾನಗಳ ಕಾಲುಗಳೊಳಗೆ ಉಕ್ಕಿನ ಸುರುಳಿಗೆ ಬದಲಾಗಿ ಒತ್ತಿ ತುಂಬಿದ ಅನಿಲವೂ ಎಣ್ಣೆಯೂ ಇರುತ್ತವೆ. ಎಣ್ಣೆಯ ಕೆಲಸವೇನೆಂಬುದು ಮುಂದೆ ತಿಳಿಯುತ್ತದೆ.

ಹುಡುಗನಿಗೆ ಅನಿಲವೂ ಬೇಡ, ಎಣ್ಣೆಯೂ ಬೇಡ. ಮಾದರಿ ವಿಮಾನದವರು ಹಲವು ವರ್ಷಗಳಿಂದ ಅನುಸರಿಸಿಕೊಂಡು ಬಂದ ಎರಡು ಸುಲಭ ಮಾರ್ಗಗಳು ಅವನ ಮುಂದಿದ್ದವು. ಮೊದಲನೆಯದು, ಕಾಲನ್ನೇ ಸ್ಪ್ರಿಂಗು ಮಾಡುವುದು. ಪುಟಿಯುವ ಉಕ್ಕಿನ ತಂತಿಯನ್ನು ಬಾಗಿಸಿ ಕಾಲನ್ನು ಮಾಡಿ, ಅದು ಒಡಲಿಗೆ ಸೇರುವ ಕಡೆ ಒಂದೆರಡು ಸುತ್ತು ಸುತ್ತಿಬಿಟ್ಟರೆ ಮಣಿಯುವ ತಂತಿಯ ಉದ್ದ ಹೆಚ್ಚಿ ಕಾಲು ಮೆದುವಾಗುತ್ತದೆ. ಹೀಗೆ ಸುತ್ತುವಾಗ ಒಂದು ಎಚ್ಚರ ಬೇಕು. ಭಾರ ಬಿದ್ದಾಗ ಸುತ್ತು ಬಿಚ್ಚಿಕೊಳ್ಳಬಾರದು, ಇನ್ನಷ್ಟು ಸುತ್ತಿಕೊಳ್ಳಬೇಕು. ಬಿಚ್ಚಿಕೊಳ್ಳುವ ಸುತ್ತು ಬೇಗನೆ ಸೋಲುತ್ತದೆ. ಎರಡನೆಯ ಮಾರ್ಗ, ಒಂದು ಹಿತ್ತಾಳೆಯ ಕೊಳವೆಯೊಳಗೆ ಇನ್ನೊಂದು ಕೊಳವೆ ಜಾರುವಂತೆ ಮಾಡಿ ನಡುವೆ ಸುರುಳಿ ಸ್ಪ್ರಿಂಗನ್ನು ಇಡುವುದು. ಇದು ಹೆಚ್ಚು ಕಷ್ಟದ ಕೆಲಸ. ಆದರೆ ನಿಜವಾದ ವಿಮಾನದ ನೆಟ್ಟನೆಯ ಕಾಲಿನಂತೆ ಕಾಣುವುದು ಇದೇ. ಅಂದದ ಆಸೆಗೆ ಬಿದ್ದು ಹುಡುಗನು ಎರಡನೆಯದನ್ನೇ ಹಿಡಿದನು.

ಕೊಳವೆಗಳೇನೋ ದೊರೆತವು. ಸ್ಪ್ರಿಂಗು ಎಲ್ಲಿಂದ ಬರಬೇಕು? ಹುಡುಕುವ ಕಣ್ಣಿಗೆ ಮನೆಯ ತುಂಬ ಸ್ಪ್ರಿಂಗುಗಳೇ. ಗುಂಡಿ ಒತ್ತಿ ಬರೆಯುವ ಬಾಲ್‌ಪೆನ್ನಿನೊಳಗೆ ಒಂದು. ಬ್ಯಾಟರಿ ದೀಪದ ಮುಚ್ಚಳದಲ್ಲಿ ಗೋಪುರದ ಆಕಾರದ ಇನ್ನೊಂದು. ಒಗೆದ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪಿನಲ್ಲಿ ತಿರುಚುವ ಜಾತಿಯದು. ಸೈಕಲ್ಲಿನ ಆಸನದಡಿಯಲ್ಲಿ ಹೆಬ್ಬೆರಳಿಗಿಂತ ದಪ್ಪನೆಯ ಸುರುಳಿ. ಹುಡುಗನು ಎರಡು ಹಳೆಯ ಪೆನ್ನುಗಳನ್ನು ಬಿಚ್ಚಿ ಅವುಗಳ ಸ್ಪ್ರಿಂಗುಗಳನ್ನು ಕೊಳವೆಗಳಲ್ಲಿಟ್ಟನು. ವಿಮಾನವನ್ನು ಮೇಜಿನ ಮೇಲೆ ನಿಲ್ಲಿಸಿದಾಗಲೇ ಅವು ಬಹುಪಾಲು ಕುಗ್ಗಿದವು. ಕೈಯಿಂದ ತುಸು ಅದುಮಿದೊಡನೆ ಸುತ್ತುಗಳೆಲ್ಲ ಒಂದಕ್ಕೊಂದು ತಾಗಿ ನಿಂತವು. ಸುತ್ತುಗಳು ತಾಗಿದ ಸ್ಪ್ರಿಂಗು ಸ್ಪ್ರಿಂಗಲ್ಲ. ಅದೊಂದು ಉಕ್ಕಿನ ಕೊಳವೆ. ಅಂತಹ ಕಾಲಿಗೂ ಹಿಂದಿನ ದಪ್ಪ ಸರಳಿಗೂ ಆಗ ಏನೂ ವ್ಯತ್ಯಾಸವಿಲ್ಲ. ಇನ್ನೂರು ಮುನ್ನೂರು ಗ್ರಾಂ ತೂಗುವ ಮಾದರಿಗಾದರೆ ಪೆನ್ನಿನ ಸ್ಪ್ರಿಂಗು ಸಾಕಾಗುತ್ತಿತ್ತು.

ಬಳಿಕ ಗುಜರಿ ಅಂಗಡಿಯಲ್ಲಿ ಯಾವುದೋ ಹಳೆಯ ಯಂತ್ರದ ಸ್ಪ್ರಿಂಗು ಸಿಕ್ಕಿತು. ಇದು ಬಹಳ ಬಿಗಿಯಾದುದು. ಹೆಬ್ಬೆರಳಿನಿಂದ ಒತ್ತಿದರೂ ಅಲುಗಲಿಲ್ಲ. ಉದ್ದವನ್ನು ಕಡಮೆ ಮಾಡಿದರೆ ಮೆದುವಾದೀತೆಂದು ಎಣಿಸಿ ಹುಡುಗನು ಅದನ್ನು ಸರಿಯಾಗಿ ಎರಡು ತುಂಡು ಮಾಡಿದನು. ಎರಡೂ ಕಾಲಿಗೆ ಒಂದೊಂದು ಆಗುವುದೆಂಬ ಸಂತೋಷ ಬೇರೆ! ಆದರೆ ತುಂಡುಗಳು ಮೊದಲಿಗಿಂತಲೂ ಬಿಗಿಯಾಗಿದ್ದವು. ಬೆರಳಿನ ಭ್ರಮೆಯಿರಬಹುದೆಂದು ಅವನು ತೂಕವನ್ನು ಹೇರಿ ನೋಡಿದನು. ಇಡಿಯ ಸ್ಪ್ರಿಂಗನ್ನು ಒಂದು ಮಿಲಿಮೀಟರ್ ಕುಗ್ಗಿಸಿದ್ದ ತೂಕ ಅರ್ಧ ಸ್ಪ್ರಿಂಗನ್ನು ಅರ್ಧ ಮಿಲಿಮೀಟರ್ ಮಾತ್ರ ಕುಗ್ಗಿಸಿತು.

ಯೋಚಿಸಿದರೆ ಇದರಲ್ಲಿ ಅಚ್ಚರಿಯಿಲ್ಲ. ಸ್ಪ್ರಿಂಗಿನ ಮೇಲೆ ಭಾರವಿಟ್ಟಾಗ ಪ್ರತಿಯೊಂದು ಸುತ್ತಿನ ಮೇಲೆಯೂ ಅದೇ ಭಾರ ಬೀಳುತ್ತದೆ, ಪ್ರತಿಯೊಂದು ಸುತ್ತೂ ತನ್ನ ಪಾಲಿನಷ್ಟು ಕುಗ್ಗುತ್ತದೆ. ಹತ್ತು ಸುತ್ತುಗಳಿದ್ದರೆ ಹತ್ತು ಪಾಲು; ಐದಿದ್ದರೆ ಐದೇ ಪಾಲು. ಸುತ್ತುಗಳು ಅರ್ಧವಾದರೆ ಬಿಗಿತ ಇಮ್ಮಡಿಯಾಗುತ್ತದೆ. ಹೀಗೆ ಕತ್ತರಿಸಿ ಕೆಡಿಸಿದ ಸ್ಪ್ರಿಂಗುಗಳಿಂದ ಈ ಪಾಠವನ್ನು ಕಲಿತವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ.

ತೂಕವನ್ನು ಹೇರಿ ಅಳೆದು ನೋಡುವ ಈ ಕೆಲಸವನ್ನು ಮುನ್ನೂರು ವರ್ಷಗಳಿಗೂ ಹಿಂದೆ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಮಾಡಿದ್ದನು. ಸುರುಳಿಗಳಿಗೂ ಉದ್ದವಾದ ತಂತಿಗಳಿಗೂ ಒಂದೊಂದಾಗಿ ತೂಕಗಳನ್ನು ತೂಗಹಾಕಿ, ಅವು ಎಷ್ಟೆಷ್ಟು ಹಿಗ್ಗುತ್ತವೆಂಬುದನ್ನು ಅವನು ಗುರುತಿಸಿದನು. ಭಾರ ಎರಡು ಪಟ್ಟಾದರೆ ಹಿಗ್ಗುವುದೂ ಎರಡು ಪಟ್ಟು, ಮೂರಾದರೆ ಮೂರು ಪಟ್ಟು. ತನ್ನ ಶೋಧನೆ ಬೇರೆಯವರ ಪಾಲಾಗದಿರಲೆಂದು ಅವನು 1676ರಲ್ಲಿ ಅದನ್ನು ಅಕ್ಷರಗಳನ್ನು ಕಲಸಿಟ್ಟ ಒಗಟಿನ ರೂಪದಲ್ಲಿ ಪ್ರಕಟಿಸಿದನು; 1678ರಲ್ಲಿ ಒಗಟನ್ನು ಬಿಡಿಸಿ ಹೇಳಿದನು. ಗಡಿಯಾರದ ಸ್ಪ್ರಿಂಗಿನ ವಿಷಯದಲ್ಲಿ ಇತರರೊಡನೆ ಅವನಿಗೆ ಜಗಳವಿದ್ದ ಕಾಲವದು. ಈ ನಿಯಮಕ್ಕೆ ಒಂದು ಮಿತಿಯುಂಟು. ಅದನ್ನು ಮೀರಿ ಎಳೆದ ಅಥವಾ ಒತ್ತಿದ ಸ್ಪ್ರಿಂಗು ತನ್ನ ಮೊದಲಿನ ಉದ್ದಕ್ಕೆ ಹಿಂದಿರುಗುವುದಿಲ್ಲ.

ಹುಡುಗನಿಗೆ ಈಗ ತನಗೆ ಬೇಕಾದ ಸ್ಪ್ರಿಂಗನ್ನು ಹುಡುಕುವ ಬದಲು ಅದು ಹೇಗಿರಬೇಕೆಂದು ಲೆಕ್ಕ ಹಾಕುವ ಮನಸ್ಸಾಯಿತು. ಅರ್ಧ ಜೌಲ್ ಶಕ್ತಿಯಲ್ಲಿ ಒಂದೊಂದು ಕಾಲಿನ ಪಾಲು ಕಾಲು ಜೌಲ್. ಅದನ್ನು 20 ಮಿಲಿಮೀಟರಿನಲ್ಲಿ ನುಂಗಬೇಕು. ಸ್ಪ್ರಿಂಗಿನ ಬಲ ಸೊನ್ನೆಯಿಂದ ತೊಡಗಿ ಕುಗ್ಗಿದಂತೆಲ್ಲ ಹೆಚ್ಚುತ್ತ ಹೋಗುವುದರಿಂದ ಕೊನೆಯ ಬಲವು ಸರಾಸರಿಯ ಎರಡರಷ್ಟಿರುತ್ತದೆ. ಈ ಲೆಕ್ಕದಂತೆ ಪ್ರತಿ ಕಾಲಿಗೂ 20 ಮಿಲಿಮೀಟರ್ ಕುಗ್ಗಿದಾಗ 25 ನ್ಯೂಟನ್ ಬಲ ತೋರುವ, ಅಂದರೆ 1 ಕಿಲೋಗ್ರಾಂ ತೂಕವಿಟ್ಟರೆ ಸುಮಾರು 8 ಮಿಲಿಮೀಟರ್ ಕುಗ್ಗುವ ಸ್ಪ್ರಿಂಗು ಬೇಕು. ವಿಮಾನವು ಸುಮ್ಮನೆ ನಿಂತಿರುವಾಗ ಕಾಲೊಂದಕ್ಕೆ ಅರ್ಧ ಕಿಲೋಗ್ರಾಂ ಭಾರ ಬಿದ್ದು ಅದು 4 ಮಿಲಿಮೀಟರ್ ಕುಗ್ಗಿರುತ್ತದೆ. ಅಷ್ಟು ಕುಗ್ಗಿದರೆ ದೋಷವಿಲ್ಲ.

ಅಂತಹ ಸ್ಪ್ರಿಂಗಿಗೆ ಎಷ್ಟು ದಪ್ಪದ ತಂತಿ, ಎಷ್ಟು ಅಗಲದ ಸುತ್ತು, ಎಷ್ಟು ಸುತ್ತುಗಳು? ಈ ಮೂರರ ಪ್ರಭಾವ ಒಂದೇ ಬಗೆಯದಲ್ಲ. ಸುತ್ತುಗಳ ಸಂಖ್ಯೆ ಇಮ್ಮಡಿಯಾದರೆ ಬಿಗಿತ ಅರ್ಧವಾಗುವುದನ್ನು ಕಂಡಾಯಿತು. ಸುತ್ತಿನ ಅಗಲ ಇಮ್ಮಡಿಯಾದರೆ ಬಿಗಿತ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತಂತಿಯ ದಪ್ಪ ಇಮ್ಮಡಿಯಾದರೋ ಬಿಗಿತ ಹದಿನಾರು ಪಟ್ಟಾಗುತ್ತದೆ! ಆದುದರಿಂದ ತಂತಿಯನ್ನು ಆರಿಸುವುದರಲ್ಲಿ ಮಾಡಿದ ಅಲ್ಪ ತಪ್ಪು ಅಲ್ಪವಾಗಿ ಉಳಿಯುವುದಿಲ್ಲ. 1 ಮಿಲಿಮೀಟರಿಗೆ ಬದಲಾಗಿ 1.2 ಮಿಲಿಮೀಟರಿನ ತಂತಿಯನ್ನು ಬಳಸಿದರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಸ್ಪ್ರಿಂಗು ಮಾತ್ರ ಎರಡರಷ್ಟು ಬಿಗಿಯಾಗಿರುತ್ತದೆ. ತಂತಿಯ ದಪ್ಪವನ್ನು ಅಳೆಯಲು ಸ್ಕ್ರೂ ಗೇಜು ಇಲ್ಲದವರು ಅದನ್ನು ಪೆನ್ಸಿಲಿನ ಮೇಲೆ ಸಂದಿಲ್ಲದಂತೆ ಇಪ್ಪತ್ತು ಸುತ್ತು ಸುತ್ತಿ, ಸುತ್ತುಗಳ ಒಟ್ಟು ಉದ್ದವನ್ನು ಅಳತೆಪಟ್ಟಿಯಿಂದ ನೋಡಿ ಇಪ್ಪತ್ತರಿಂದ ಭಾಗಿಸಬಹುದು. ಹುಡುಗನ ಲೆಕ್ಕಕ್ಕೆ 1 ಮಿಲಿಮೀಟರ್ ದಪ್ಪದ ಉಕ್ಕಿನ ತಂತಿ, ತಂತಿಯ ನಡುವಿನಿಂದ ನಡುವಿಗೆ 8 ಮಿಲಿಮೀಟರ್ ಅಗಲದ 15 ಸುತ್ತುಗಳು ಸರಿಹೊಂದಿದವು. ತುದಿಗಳಲ್ಲಿ ಸಮನಾಗಿ ಕೂರಲೆಂದು ಒಂದೊಂದು ಸುತ್ತು ಹೆಚ್ಚಿಗೆ ಸೇರಿ ಒಟ್ಟು 17.

ಉಕ್ಕಿನ ತಂತಿಗಳೆಲ್ಲ ಸ್ಪ್ರಿಂಗಿಗೆ ಬರುವುದಿಲ್ಲ. ಬೇಲಿಗೆ ಕಟ್ಟುವ ತಂತಿಯನ್ನು ಬೆರಳಿಗೆ ಸುತ್ತಿ ಬಿಟ್ಟರೆ ಅದು ಸುತ್ತಿದಂತೆಯೇ ಉಳಿಯುತ್ತದೆ. ಬಿಟ್ಟೊಡನೆ ಚಿಮ್ಮಿ ನೆಟ್ಟಗಾಗುವ ತಂತಿಯೇ ಬೇಕು. ಮಾದರಿ ವಿಮಾನದವರು ಮೆಚ್ಚುವುದು ಪಿಯಾನೊ ವಾದ್ಯಕ್ಕೆಂದು ಹುಟ್ಟಿದ ತಂತಿಯನ್ನು. ಇಂಗಾಲದ ಅಂಶ ಹೆಚ್ಚಾಗಿರುವ ಉಕ್ಕನ್ನು, ಕಾಯಿಸದೆಯೇ, ಒಂದಕ್ಕಿಂತ ಒಂದು ಕಿರಿದಾದ ರಂಧ್ರಗಳ ಮೂಲಕ ಮತ್ತೆ ಮತ್ತೆ ಎಳೆದು ಅದನ್ನು ತಯಾರಿಸುತ್ತಾರೆ. ಎಳೆದಂತೆಲ್ಲ ಅದರ ಕಸುವು ಹೆಚ್ಚುತ್ತದೆ. 1 ಮಿಲಿಮೀಟರ್ ದಪ್ಪದ ಅಂತಹ ತಂತಿ 150 ಕಿಲೋಗ್ರಾಮಿಗೂ ಹೆಚ್ಚಿನ ಭಾರವನ್ನು ತಡೆಯಬಲ್ಲುದು. ಇಬ್ಬರು ಬೆಳೆದ ಮನುಷ್ಯರು ಅದಕ್ಕೆ ಜೋತುಬಿದ್ದರೂ ಹರಿಯದು. ನಮ್ಮ ವೀಣೆ ತಂಬೂರಿಗಳ ಉಕ್ಕಿನ ತಂತಿಗಳೂ ಇದೇ ಕುಲಕ್ಕೆ ಸೇರಿದವು. ನಾದಕ್ಕಾಗಿ ಬಿಗಿದಾಗ ಹರಿಯದೆ, ಸಡಿಲದೆ ನಿಲ್ಲುವ ಗುಣವೇ ಸ್ಪ್ರಿಂಗಿಗೂ ಬೇಕಾದುದು. ಅವು ತೆಳ್ಳಗಿರುವುದರಿಂದ ಹಗುರವಾದ ಮಾದರಿಗಳಿಗೆ ಮಾತ್ರ ಸಲ್ಲುತ್ತವೆ. ಈ ತಂತಿಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಸುತ್ತಿದರೆ ಸುಲಭವಲ್ಲವೆ ಎಂದು ಕೆಲವರಿಗೆ ತೋರಬಹುದು. ಸುಲಭವೇನೋ ಹೌದು, ಆದರೆ ಉಕ್ಕಿನ ಹದ ಕೆಟ್ಟು ಅದು ಬೇಲಿಯ ತಂತಿಗೆ ಸಮನಾಗುತ್ತದೆ. ತಣ್ಣಗಿರುವಾಗಲೇ ಸುತ್ತಬೇಕು.

ಸುತ್ತುವ ಕೆಲಸಕ್ಕೆ ಹುಡುಗನು ಶಾಲೆಯ ಕರಕುಶಲ ಕೊಠಡಿಗೆ ಹೋದನು. ಅಲ್ಲಿಯ ಅಧ್ಯಾಪಕರು ಮೊದಲು ಮಾಡಿದ ಕೆಲಸವೆಂದರೆ ತಮಗೂ ಅವನಿಗೂ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಸಿದುದು. ಬಿಗಿದ ಉಕ್ಕಿನ ತಂತಿಯ ತುದಿ ಕೈ ತಪ್ಪಿದರೆ ಚಾವಟಿಯಂತೆ ಬೀಸುತ್ತದೆ.

“ಸರ್, ಸುತ್ತಿನ ಒಳಗಿನ ಅಗಲ 7 ಮಿಲಿಮೀಟರ್ ಬರಬೇಕು. 7 ಮಿಲಿಮೀಟರಿನ ಸರಳನ್ನೇ ತಂದಿದ್ದೇನೆ” ಎಂದನು ಹುಡುಗ.

“ನೀನು ಬಿಟ್ಟ ಮೇಲೆ ತಂತಿ ಸುಮ್ಮನಿರುತ್ತದೆಯೇನಪ್ಪ? ಮೊದಲು ನಾಲ್ಕು ಸುತ್ತು ಸುತ್ತಿ ನೋಡು” ಎಂದರು ಅಧ್ಯಾಪಕರು.

ನಾಲ್ಕು ಸುತ್ತು ಸುತ್ತಿ ಬಿಟ್ಟಾಗ ಸುರುಳಿಯು ಅರಳಿಕೊಂಡು ಸರಳಿನ ಮೇಲೆ ಸಡಿಲವಾಗಿ ಜಾರತೊಡಗಿತು. ಪುಟಿಯುವುದೇ ಆ ತಂತಿಯ ಗುಣವಾದ್ದರಿಂದ ಸುತ್ತಿದ ಮೇಲೂ ಅದು ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಎಷ್ಟು ಬಿಚ್ಚಿಕೊಳ್ಳುವುದೆಂಬುದು ತಂತಿಯಿಂದ ತಂತಿಗೆ ಬೇರೆ; ಅದನ್ನು ಮಾಡಿಯೇ ನೋಡಬೇಕು. 6 ಮಿಲಿಮೀಟರಿನ ಸರಳಿನ ಮೇಲೆ ಸುತ್ತಿದ ತುಂಡು ಅರಳಿ ಬೇಕಾದ ಅಳತೆಗೆ ಬಂದಿತು.

ಆ ಸರಳಿನಲ್ಲಿ ಅಧ್ಯಾಪಕರು ಒಂದು ಸಣ್ಣ ರಂಧ್ರವನ್ನು ಕೊರೆದು ಕೊಟ್ಟರು. ತಂತಿಯ ತುದಿಯನ್ನು ಅದರಲ್ಲಿ ತೂರಿಸಿ, ಸರಳನ್ನು ಕೈ ಡ್ರಿಲ್ಲಿನ ಬಾಯಿಗೆ ಸಿಕ್ಕಿಸಿ, ಡ್ರಿಲ್ಲನ್ನು ವೈಸಿನಲ್ಲಿ ಬಿಗಿದರು. ತಂತಿಯ ಇನ್ನೊಂದು ಕಡೆಯನ್ನು ಎರಡು ಮರದ ತುಂಡುಗಳ ನಡುವೆ ಅದುಮಿ ಹಿಡಿದು ಹುಡುಗನು ಹಿಂದಕ್ಕೆ ಎಳೆಯುತ್ತ ನಿಂತನು. ಅವನ ಗೆಳೆಯನು ಡ್ರಿಲ್ಲಿನ ಹಿಡಿಯನ್ನು ಮೆಲ್ಲಗೆ ತಿರುಗಿಸಿದನು. ಸುತ್ತಿನ ಪಕ್ಕಕ್ಕೆ ಸುತ್ತು ಬಂದು ಕೂರುವುದನ್ನು ನೋಡುವುದೇ ಒಂದು ಸೊಗಸು. ಎಳೆತ ಸಡಿಲವಾದ ಕಡೆ ಸುತ್ತು ಅಗಲವಾಗುತ್ತದೆ; ಅದಕ್ಕಾಗಿ ಎರಡು ಸುರುಳಿಗಳನ್ನು ಬಿಸಾಡಬೇಕಾಯಿತು. ಮುಗಿದ ಮೇಲೆ ತಂತಿಯನ್ನು ಒಮ್ಮೆಲೇ ಬಿಡದೆ, ಡ್ರಿಲ್ಲನ್ನು ಹಿಂದಕ್ಕೆ ತಿರುಗಿಸಿ ಬಿಗುವನ್ನೆಲ್ಲ ಇಳಿಸಿ ಅನಂತರ ಕತ್ತರಿಸಿದರು. ಬಳಿಕ ಸುರುಳಿಯನ್ನು ಎರಡೂ ತುದಿ ಹಿಡಿದು ಸಮನಾಗಿ ಹಿಗ್ಗಿಸಿ 47 ಮಿಲಿಮೀಟರ್ ಉದ್ದಕ್ಕೆ ನಿಲ್ಲಿಸಿ, ತುದಿಯ ಸುತ್ತುಗಳನ್ನು ಇಕ್ಕಳದಿಂದ ಅದುಮಿ, ಸಾಣೆಕಲ್ಲಿಗೆ ಹಿಡಿದು ಮಟ್ಟ ಮಾಡಿದರು. ಈ ಉಕ್ಕಿಗೆ ಸಾಮಾನ್ಯವಾದ ಅರ ಹತ್ತುವುದಿಲ್ಲ.

ಹೊಸ ಸ್ಪ್ರಿಂಗನ್ನು ಪಳಗಿಸಬೇಕಾಗುತ್ತದೆ. ಅದನ್ನು ಸುತ್ತುಗಳು ತಾಗುವವರೆಗೆ ಹತ್ತಾರು ಸಲ ಒತ್ತಿ ಒತ್ತಿ ಬಿಟ್ಟರೆ ಮೊದಮೊದಲು ಅದು ಒಂದಿಷ್ಟು ಕುಸಿಯುತ್ತದೆ. ಆಮೇಲೆ ಉದ್ದ ಬದಲಾಗದೆ ನಿಲ್ಲುತ್ತದೆ. ಹುಡುಗನ ಸ್ಪ್ರಿಂಗುಗಳು 45 ಮಿಲಿಮೀಟರಿಗೆ ನಿಂತವು. ನೆಟ್ಟಗೆ ನಿಲ್ಲಿಸಿದ ಮೊಳೆಗೆ ಅವುಗಳನ್ನು ಪೋಣಿಸಿ, ಮೇಲೆ ರಂಧ್ರ ಕೊರೆದ ಹಲಗೆಯ ಚೂರನ್ನೂ ಅದರ ಮೇಲೆ ಒಂದು ಕಿಲೋಗ್ರಾಂ ತೂಕವನ್ನೂ ಇಟ್ಟು ನೋಡಿದರೆ, ಒಂದು 8 ಮಿಲಿಮೀಟರ್ ಕುಗ್ಗಿತು, ಇನ್ನೊಂದು ಏಳೂವರೆ.

ಕಾಲುಗಳನ್ನು ಜೋಡಿಸಿ, ವಿಮಾನವನ್ನು ಮೇಜಿನಿಂದ 5 ಸೆಂಟಿಮೀಟರ್ ಎತ್ತಿ ಕೈಬಿಟ್ಟಾಗ ಮತ್ತೊಂದು ತೊಡಕು ಕಾಣಿಸಿತು. ಕಾಲುಗಳು ಮೆತ್ತಗೆ ಮಣಿದವು, ರೆಕ್ಕೆಗೆ ಏನೂ ಆಗಲಿಲ್ಲ. ಆದರೆ ಮರುಕ್ಷಣವೇ ವಿಮಾನವು ಕಪ್ಪೆಯಂತೆ ಮೇಲಕ್ಕೆ ನೆಗೆಯಿತು, ಮತ್ತೆ ಬಿದ್ದಿತು, ಮತ್ತೆ ನೆಗೆಯಿತು. ಸ್ಪ್ರಿಂಗು ತಾನು ಪಡೆದ ಶಕ್ತಿಯನ್ನು ತಿಂದುಹಾಕುವುದಿಲ್ಲ. ಸ್ವಲ್ಪ ಹೊತ್ತು ಇಟ್ಟುಕೊಂಡು ಬಹುಮಟ್ಟಿಗೆ ಹಿಂದಕ್ಕೆ ಕೊಟ್ಟುಬಿಡುತ್ತದೆ. ಇಳಿಯುವ ವಿಮಾನ ಹೀಗೆ ನೆಗೆದರೆ, ವೇಗವನ್ನು ಕಳೆದುಕೊಂಡ ರೆಕ್ಕೆಗಳು ಅದನ್ನು ಎರಡನೆಯ ಸಲ ಎತ್ತಿ ಹಿಡಿಯಲಾರವು. ದೊಡ್ಡ ವಿಮಾನಗಳ ಕಾಲಿನಲ್ಲಿ ಎಣ್ಣೆಗೆ ಕೆಲಸವಿರುವುದು ಇಲ್ಲಿಯೇ. ಕಾಲು ಕುಗ್ಗುವಾಗ ಎಣ್ಣೆಯು ಕಿರಿದಾದ ರಂಧ್ರದಲ್ಲಿ ನುಗ್ಗಬೇಕಾಗುತ್ತದೆ. ಹಾಗೆ ನುಗ್ಗುವಾಗ ಶಕ್ತಿಯು ಶಾಖವಾಗಿ ಮಾರ್ಪಟ್ಟು ಕಳೆದುಹೋಗುತ್ತದೆ. ಹಿಂದಕ್ಕೆ ಕೊಡಲು ಅಷ್ಟಾಗಿ ಏನೂ ಉಳಿಯುವುದಿಲ್ಲ. ಹುಡುಗನು ಒಳಗಿನ ಕೊಳವೆಗೆ ಗಟ್ಟಿಯಾದ ಗ್ರೀಸನ್ನು ಬಳಿದು, ಉಣ್ಣೆಯ ಬಟ್ಟೆಯ ಬಳೆಯೊಂದನ್ನು ಬಿಗಿಯಾಗಿ ತೊಡಿಸಿದನು. ಕಾಲು ಈಗ ಏಳುವಾಗಲೂ ಬೀಳುವಾಗಲೂ ಸಾವಕಾಶವಾಗಿ ಚಲಿಸಿತು. ವಿಮಾನವು ಒಮ್ಮೆ ಕುಗ್ಗಿ, ಅರೆಮನಸ್ಸಿನಿಂದ ಮೇಲೆದ್ದು, ನಿಂತುಬಿಟ್ಟಿತು.

ಕಾಲು ಎಷ್ಟು ಕುಗ್ಗಿತೆಂದು ಆ ಅರೆಕ್ಷಣದಲ್ಲಿ ಕಣ್ಣಿಗೆ ತಿಳಿಯುವಂತಿಲ್ಲ. ಅದಕ್ಕಾಗಿ ಒಳಗೊಳವೆಯ ಮೇಲೆ, ಹೊರಗೊಳವೆಯ ಬಾಯಿಗೆ ತಾಗುವಂತೆ, ದಾರದ ಒಂದು ಸಣ್ಣ ಉಂಗುರವನ್ನು ಕಟ್ಟುವ ರೂಢಿಯಿದೆ. ಕಾಲು ಕುಗ್ಗಿದಾಗ ಹೊರಗೊಳವೆಯು ಉಂಗುರವನ್ನು ತಳ್ಳಿಕೊಂಡು ಹೋಗುತ್ತದೆ. ಕಾಲು ಮತ್ತೆ ನೀಳವಾದಾಗ ಉಂಗುರ ಅಲ್ಲಿಯೇ ಉಳಿದು ಗುರುತು ತೋರಿಸುತ್ತದೆ. 5 ಸೆಂಟಿಮೀಟರಿನಿಂದ ಬಿಟ್ಟಾಗ ಉಂಗುರ 20 ಮಿಲಿಮೀಟರ್ ಸರಿದಿತ್ತು. ಕೊಳವೆಯಲ್ಲಿ 25 ಮಿಲಿಮೀಟರ್ ಸ್ಥಳವಿತ್ತು. 20 ಸೆಂಟಿಮೀಟರಿನಿಂದ ಬಿಟ್ಟು ನೋಡೋಣವೆಂದು ಗೆಳೆಯನು ಹೇಳಿದಾಗ ಹುಡುಗನು ಒಪ್ಪಲಿಲ್ಲ. ಎತ್ತರ ನಾಲ್ಕು ಪಟ್ಟಾದರೆ ನುಂಗಬೇಕಾದ ಶಕ್ತಿಯೂ ನಾಲ್ಕು ಪಟ್ಟಾಗುವುದೆಂಬುದು ಅವನಿಗೆ ಈಗ ತಿಳಿದಿತ್ತು.

ಮುಂದಿನ ಭಾನುವಾರ ಬೆಳಗ್ಗೆ, ಗಾಳಿ ಏಳುವ ಮೊದಲು, ಶಾಲೆಯ ಬಯಲಿನಲ್ಲಿ ವಿಮಾನವು ಮತ್ತೆ ಹಾರಿತು. ಇಂಧನ ಮುಗಿದು ಎಂಜಿನು ನಿಂತಿತು. ಹುಡುಗನ ಕೈ ಈ ಸಲವೂ ಕೊಂಚ ತಡವಾಯಿತು. ಬಲಗಾಲು ಮೊದಲು ನೆಲಕ್ಕೆ ತಾಗಿತು, ಅನಂತರ ಎಡಗಾಲು. ವಿಮಾನವು ಹುಲ್ಲಿನ ಮೇಲೆ ಓಡಿ, ಬಾಲವನ್ನು ಇಳಿಸಿ ನಿಂತಿತು. ಗೆಳೆಯರೆಲ್ಲ ಕೂಗುತ್ತ ಓಡಿಬಂದರು. ಹುಡುಗನು ಹಿಡಿಯನ್ನು ಕೆಳಗಿಟ್ಟು ಬಂದು, ರೆಕ್ಕೆಯ ಕಡೆಗೆ ನೋಡುವ ಮೊದಲೇ ಹುಲ್ಲಿನ ಮೇಲೆ ಮೊಣಕಾಲೂರಿ ಕುಳಿತು, ಕಾಲುಗಳ ಮೇಲಿನ ದಾರದ ಉಂಗುರಗಳಿಗೆ ಅಳತೆಪಟ್ಟಿಯನ್ನು ಹಿಡಿದನು. ಎಡಗಾಲಿನದು 15 ಮಿಲಿಮೀಟರ್ ಸರಿದಿತ್ತು, ಬಲಗಾಲಿನದು 23. ಅವನು ಜೇಬಿನಿಂದ ಪುಸ್ತಕವನ್ನು ತೆಗೆದು ಎರಡನ್ನೂ ಬರೆದುಕೊಂಡನು.